ಹನ್ನೊಂದು ನಿಮಿಷದ ದೋಷ

"ಈ ಕಾಲೇಜಿನಲ್ಲಿ ಒಂದು ಅರ್ಜಿಗೆ ಸಹಿ ಹಾಕಿಸೋದಕ್ಕಿಂತ ಹಲ್ಲು ಕೀಳಿಸ್ಕೊಳ್ಳೋದು ಸುಲಭ ಕಣ್ರೀ! ಆ ಸೂಪರಿಂಟೆಂಡೆಂಟ್ ಮೂರನೇ ಸಲ ವಾಪಸ್ ಕಳಿಸಿದಾರೆ! ಪ್ರಿನ್ಸಿಪಾಲರನ್ನ ಕೇಳೋಣ ಅಂದ್ರೆ, ಅವರೋ ಉಪ್ಪು ಹುಳಿ ಖಾರ ಒಂದೂ ಇಲ್ಲದ ಮನುಷ್ಯ..."

ಸಭಾಂಗಣದ ಹಿಂಭಾಗದಲ್ಲಿ, ಮೆಟ್ಟಿಲು ಹತ್ತಿ ಹೋದರೆ ಸಿಗುವ ಪುಟ್ಟ ಸೌಂಡ್ ರೂಮ್ ಅದು. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದವಳು ಉಸಿರು ತೆಗೆದುಕೊಳ್ಳದೆ ಇಷ್ಟೂ ಮಾತಾಡಿ ಮುಗಿಸಿದ್ದಳು.

ಮೇಜಿನ ಮುಂದೆ ಕುಳಿತಿದ್ದವನು ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಅದೇ ಬೆರಳಿನಿಂದ ಮೇಜಿನ ಮೇಲಿದ್ದ ಮೈಕನ್ನು ತೋರಿಸಿದ. ಅದರ ಕೆಂಪು ದೀಪ ಉರಿಯುತ್ತಿತ್ತು.

ಗಾಜಿನಾಚೆ, ಕೆಳಗಿನ ಸಭಾಂಗಣದಲ್ಲಿ ಇನ್ನೂರು ಜನ ಹೊಸ ವಿದ್ಯಾರ್ಥಿಗಳು ಕತ್ತು ತಿರುಗಿಸಿ ಮೇಲೆ ನೋಡುತ್ತಿದ್ದರು. ವೇದಿಕೆಯ ಮೇಲೆ ಸ್ವಾಗತ ಭಾಷಣ ಮಾಡುತ್ತಿದ್ದ ಪ್ರಿನ್ಸಿಪಾಲರೂ ಅವರ ಜೊತೆಗೆ ಮೇಲೆ ನೋಡುತ್ತಿದ್ದರು.

ಅವನು ಗುಂಡಿ ಒತ್ತಿ ಮೈಕ್ ಆರಿಸಿದ.

"ಆನ್ ಇತ್ತು ಮೇಡಂ."

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ನೀವು ಮಧ್ಯ ಜಾಗ ಕೊಡ್ಲಿಲ್ಲ."

ಅಯ್ಯೋ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಈ ಕಾಲೇಜಿಗೆ ಇತಿಹಾಸದ ಗೆಸ್ಟ್ ಲೆಕ್ಚರರ್ ಆಗಿ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ವರ್ಷ ವರ್ಷವೂ ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಮಾತ್ರ ಮುಂದುವರಿಯುವ ಕೆಲಸ ಬೇರೆ.

ಆದರೆ ಅವಳ ಕಣ್ಣು ಸಿಟ್ಟಿನಲ್ಲೂ ಒಂದು ವಿಷಯ ಗಮನಿಸಿತ್ತು. ಅವನು ನಗಲಿಲ್ಲ. ಬೇರೆ ಯಾರೇ ಆಗಿದ್ದರೂ ಬಿದ್ದು ಬಿದ್ದು ನಗುತ್ತಿದ್ದರು. ಇವನು ಮಾತ್ರ ಒಂದು ಸ್ಟೂಲನ್ನು ಅವಳ ಕಡೆಗೆ ಎಳೆದಿಟ್ಟು, "ಕೂತ್ಕೊಳ್ಳಿ. ಈಗ ಹೇಳಿ, ಏನು ಅರ್ಜಿ?" ಎಂದ.

ಅವಳು ಹೇಳಿದಳು. ಹೇಳದೆ ಬಿಟ್ಟರೆ ಅವಳು ಅವಳೇ ಅಲ್ಲ.

ಅವಳಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ರೇಡಿಯೋ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಅಮ್ಮ ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಹದಿನೆಂಟು ವರ್ಷ ದುಡಿದವಳು. ಆ ಗದ್ದಲಕ್ಕೆ ಅಮ್ಮನ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಅಮ್ಮ ಒಲೆಯ ಕಡೆ ತಿರುಗಿದ್ದರೆ "ಹಸಿವು" ಅನ್ನುವುದಕ್ಕೂ ಗಂಟಲು ಹರಿದುಕೊಳ್ಳಬೇಕಿದ್ದ ಮನೆಯಲ್ಲಿ ಬೆಳೆದವಳು ಮೆಲ್ಲಗೆ ಮಾತಾಡುವುದನ್ನು ಎಲ್ಲಿಂದ ಕಲಿಯಬೇಕು?

ಅರ್ಜಿಯೂ ಅಮ್ಮನ ವಿಷಯವೇ ಆಗಿತ್ತು.

ಇಪ್ಪತ್ತನಾಲ್ಕು ವರ್ಷದ ಹಿಂದೆ, ಅದೇ ಗಿರಣಿಯಲ್ಲಿ, ಪಾಳಿ ನಡೆಯುವಾಗ ಶೆಡ್ಡಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಒಳಗೆ ಬೆಂಕಿ ಬಿದ್ದರೆ ಯಾರೂ ಹೊರಗೆ ಬರುವ ಹಾಗಿರಲಿಲ್ಲ. ಬೀಗ ತೆಗೆಯಿರಿ ಎಂದು ಕೇಳಿ ಕೇಳಿ ಸಾಕಾಗಿ, ಮೂವತ್ತೆರಡು ಹೆಂಗಸರು ಗೇಟಿನ ಮುಂದೆ ಹೋಗಿ ಕುಳಿತರು. ಘೋಷಣೆ ಇಲ್ಲ, ಕಲ್ಲಿಲ್ಲ, ಬೈಗುಳವಿಲ್ಲ. ಹತ್ತೊಂಬತ್ತು ದಿನ ಸುಮ್ಮನೆ ಕುಳಿತರು. ಇಪ್ಪತ್ತನೇ ದಿನ ಬೀಗ ಹೋಯಿತು.

ಎಲ್ಲಿಂದಲೋ ಬಂದ ಒಬ್ಬ ಹೆಣ್ಣುಮಗಳು ಅದನ್ನು ಸಾಕ್ಷ್ಯಚಿತ್ರ ಮಾಡಿಕೊಂಡು ಹೋದಳು. ಯಾವ ಯಾವುದೋ ಊರಿನವರು ನೋಡಿದರು, ಚಪ್ಪಾಳೆ ತಟ್ಟಿದರು. ಗೇಟಿನ ಮುಂದೆ ಕುಳಿತವರು ಮಾತ್ರ ಒಂದು ಸಲವೂ ನೋಡಲಿಲ್ಲ.

"ಪತ್ರದ ಮೇಲೆ ಪತ್ರ ಬರೆದು ಪೆನ್‌ಡ್ರೈವ್‌ನಲ್ಲಿ ತರಿಸಿದೀನಿ," ಎಂದಳು. "ಆ ಮೂವತ್ತೆರಡು ಜನರಲ್ಲಿ ಈಗ ಊರಲ್ಲಿರೋದು ಏಳೇ ಜನ. ಅವರ ಲೀಡರು ದೊಡ್ಡಕ್ಕ ಅಂತ. ಇನ್ನೆರಡು ವಾರಕ್ಕೆ, ಸೋಮವಾರ, ಎದೆ ಆಪರೇಷನ್‌ಗೆ ಆಸ್ಪತ್ರೆ ಸೇರ್ತಾರೆ. 'ಒಳಗೆ ಹೋಗೋಕೆ ಮುಂಚೆ ಒಂದ್ಸಲ ನೋಡ್ಬೇಕು ಕಣೇ' ಅಂದಿದಾರೆ. ಅಂದ್ರೆ ಅದರ ಹಿಂದಿನ ಶನಿವಾರ. ಆ ಶನಿವಾರ ತಪ್ಪಿದ್ರೆ..."

ಚೀಲದಿಂದ ಪೆನ್‌ಡ್ರೈವ್ ತೆಗೆದು ಅಂಗೈಯಲ್ಲಿ ತಿರುಗಿಸಿದಳು.

"ಮನೇಲಿ ಟಿವಿಗೆ ಹಾಕಿ ತೋರಿಸೋಕಾಗಲ್ವಾ?" ಎಂದು ಕೇಳಿದ.

"ಸೂಪರಿಂಟೆಂಡೆಂಟೂ ಇದನ್ನೇ ಕೇಳಿದ್ರು! ಅವರು ಮನೆಯೊಳಗೆ ಬಾಗ್ಲು ಹಾಕ್ಕೊಂಡು ಕೂತಿರಲಿಲ್ಲ ಕಣ್ರೀ. ಬೀದೀಲಿ ಕೂತಿದ್ರು. ನಾಲ್ಕು ಜನರ ಮಧ್ಯ, ದೊಡ್ಡ ಪರದೆ ಮೇಲೆ ತಮ್ಮನ್ನ ತಾವು ನೋಡ್ಬೇಕು ಅವರು. ನಮ್ಮ ಹುಡುಗರೂ ನೋಡ್ಬೇಕು."

ಅವನು ಕೈ ಚಾಚಿದ. "ಪೆನ್‌ಡ್ರೈವ್ ಕೊಡಿ. ಹಾಲ್ ಕೊಡೋ ಮುಂಚೆ ನಾನು ಚೆಕ್ ಮಾಡಿ ವರದಿ ಕೊಡ್ಬೇಕು. ಅದೊಂದಾದ್ರೂ ತಡ ಆಗದೆ ಆಗ್ಲಿ."

ಎರಡು ವಾರದಲ್ಲಿ ಅವಳಿಗೆ ಈ ಕಾಲೇಜಿನಲ್ಲಿ ಸಿಕ್ಕ ಮೊದಲ ನೆಟ್ಟಗಿನ ಮಾತು ಅದು!

* * *

ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಅವನನ್ನು ಕರೆಯುತ್ತಿದ್ದುದು ಸೌಂಡಣ್ಣ ಎಂದು. ವಯಸ್ಸು ಮೂವತ್ತೂ ಆಗಿರಲಿಲ್ಲ, ಆದರೂ ಎಲ್ಲರಿಗೂ ಅಣ್ಣ. ಅವಳೂ ಹಾಗೇ ಕರೆದಳು.

ಮುಂದಿನ ಹತ್ತು ದಿನ ಅವಳ ಅರ್ಜಿ ಪಟ್ಟ ಪಾಡು ಶತ್ರುವಿಗೂ ಬೇಡ. ವಿಭಾಗದ ಮುಖ್ಯಸ್ಥರ ಮೂಲಕ ಬಂದಿಲ್ಲ ಎಂದು ವಾಪಸು. ಅವರ ಮೂಲಕ ಬಂದಾಗ ದಿನಾಂಕ ಎಡಗಡೆ ಇದೆ, ಬಲಗಡೆ ಇರಬೇಕು ಎಂದು ವಾಪಸು. ಬಲಗಡೆ ಬರೆದಾಗ ಸಭಾಂಗಣದ ಪೂರ್ತಿ ಹೆಸರು ಬರೆದಿಲ್ಲ ಎಂದು ವಾಪಸು.

ಪೂರ್ತಿ ಹೆಸರಿನಲ್ಲೇ ಇತ್ತು ಗುಟ್ಟು. ಸಭಾಂಗಣ ಕಟ್ಟಿಸಿಕೊಟ್ಟದ್ದು ಆ ಗಿರಣಿಯ ಯಜಮಾನರು, ತಮ್ಮ ತಂದೆಯ ಹೆಸರಿನಲ್ಲಿ. ಬಾಗಿಲ ಪಕ್ಕದಲ್ಲಿ ಅವರ ತಂದೆಯ ಫೋಟೋ, ಆಳೆತ್ತರದ್ದು.

"ಧರಣಿ ಅಂತ ಬರೆದಿದೀರಲ್ಲ ಮೇಡಂ," ಎಂದರು ಸೂಪರಿಂಟೆಂಡೆಂಟ್, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ.

"ಅಹಿಂಸೆಯ ಸಿನಿಮಾ ಸರ್. ಯಾರೂ ಯಾರಿಗೂ ಬೆರಳು ಸಹ ತೋರಿಸಲ್ಲ."

"ಅಹಿಂಸೆ ಸರಿ. ಅದರಿಂದ ಯಾರಿಗಾದ್ರೂ ನೋವಾದ್ರೆ?"

ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಚಚ್ಚಿಕೊಳ್ಳುವ ಬದಲು ಮೆಟ್ಟಿಲು ಹತ್ತಿ ಸೌಂಡ್ ರೂಮಿಗೆ ಹೋದಳು. ಮರುದಿನವೂ ಹೋದಳು. ಅದರ ಮರುದಿನ ಹೋಗಲು ಕಾರಣವೂ ಬೇಕಾಗಲಿಲ್ಲ.

ಅವನು ವೈರುಗಳ ಸಿಕ್ಕು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದ. ಸಲಹೆ ಕೊಡುತ್ತಿರಲಿಲ್ಲ. "ಸಮಾಧಾನ ಮಾಡ್ಕೊಳ್ಳಿ" ಅನ್ನುತ್ತಿರಲಿಲ್ಲ. ಈ ಎರಡು ಕಾರಣಕ್ಕೇ ಯಾವ ಹುಡುಗಿಗಾದರೂ ಒಬ್ಬ ಗಂಡಸು ಇಷ್ಟವಾಗಿಬಿಡಬಹುದು! ದೊಡ್ಡಕ್ಕನಿಗೆ ಮೆಟ್ಟಿಲು ಹತ್ತಲಾಗದು ಎಂದು ಒಮ್ಮೆ ಹೇಳಿದ್ದಳಷ್ಟೇ. ಮಾರನೆಯ ದಿನ ಪಕ್ಕದ ಬಾಗಿಲಿಗೆ ಹಲಗೆಯ ಇಳಿಜಾರು ಬಂದಿತ್ತು.

ಒಂದು ದಿನ ಅವನೇ ಬಾಯಿಬಿಟ್ಟ.

"ಮೇಡಂ, ಒಂದು ಮಾತು."

"ಹೇಳಿ ಸೌಂಡಣ್ಣ."

"ಅದೇ... ಆ ಅಣ್ಣ ಬೇಡ."

"ಎಲ್ಲರೂ ಹಾಗೇ ಅಲ್ವಾ ಕರೆಯೋದು?"

"ಎಲ್ಲರೂ ಕರೀಲಿ. ನೀವು ಬೇಡ."

"ಮತ್ತೇನು, ಸೌಂಡ್ ತಮ್ಮ ಅನ್ಲಾ?"

ಅವನ ಕಿವಿ ಕೆಂಪಾಯಿತು. ಹೆಡ್‌ಫೋನ್ ಹಾಕಿಕೊಂಡುಬಿಟ್ಟ. ಅವಳಿಗೆ ಅರ್ಥವಾಗಿದ್ದು ಮನೆಗೆ ಹೋಗುವ ಬಸ್ಸಿನಲ್ಲಿ, ಮೂರನೇ ಸ್ಟಾಪಿನ ಹತ್ತಿರ. ಥತ್, ಎಂಥ ಪೆದ್ದಿ ನಾನು! ಅಂದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿ ಒಬ್ಬಳೇ ನಕ್ಕಳು.

* * *

ಗುರುವಾರ ಮಧ್ಯಾಹ್ನ ಅವಳ ಮೇಜಿನ ಮೇಲೆ ಕಾಗದ ಬಂದಿತ್ತು.

'ಚಿತ್ರದಲ್ಲಿ ತಾಂತ್ರಿಕ ದೋಷವಿರುವುದಾಗಿ ವರದಿಯಾಗಿರುವುದರಿಂದ ಪ್ರದರ್ಶನವನ್ನು ಮುಂದಿನ ಆದೇಶದವರೆಗೆ ಮುಂದೂಡಲಾಗಿದೆ.'

ಕೆಳಗೆ ಲಗತ್ತಿಸಿದ್ದ ವರದಿಯಲ್ಲಿ ಒಂದೇ ಸಾಲು. 'ಇಪ್ಪತ್ತೆಂಟನೇ ನಿಮಿಷದಿಂದ ಹನ್ನೊಂದು ನಿಮಿಷ ಧ್ವನಿ ಇಲ್ಲ. ದೋಷ.' ಅದರ ಕೆಳಗೆ ಸಹಿ.

ಅವನ ಸಹಿ!

ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

"ಇದು ನೀವು ಬರೆದಿದ್ದಾ?"

ಅವನು ಕಾಗದ ನೋಡಿದ. "ಹೌದು. ನಿಮಗೆ ಹೇಳ್ಬೇಕು ಅಂತಿದ್ದೆ. ಮೂರು ಕೇಬಲ್ ಬದಲಾಯಿಸಿ ನೋಡಿದೆ ಮೇಡಂ. ಆದ್ರೂ ಅಷ್ಟು ಹೊತ್ತು ಸೌಂಡೇ ಬರಲ್ಲ. ಅವರ ಹತ್ರ ಇನ್ನೊಂದು ಕಾಪಿ ಇದ್ರೆ..."

"ಅದು ದೋಷ ಅಲ್ಲ! ಅದೇ ಸಿನಿಮಾ! ಹತ್ತೊಂಬತ್ತನೇ ದಿನ ಅದು. ಅವರು ಸುಮ್ಮನೆ ಕೂತಿದಾರೆ ಅಂತ ತೋರಿಸೋಕೆ ಬೇಕು ಅಂತಲೇ ಸೌಂಡ್ ತೆಗೆದಿರೋದು! ಚಿತ್ರ ನೋಡಿದ್ರೆ ಚಿಕ್ಕ ಮಗೂಗೂ ಗೊತ್ತಾಗುತ್ತೆ. ನೀವು ನೋಡ್ಲೇ ಇಲ್ವಾ?"

"ನಾನು... ಮೀಟರ್ ನೋಡ್ತಿದ್ದೆ."

"ಏನು?"

"ಸೌಂಡ್ ಚೆಕ್ ಮಾಡೋವಾಗ ಪರದೆ ನೋಡಲ್ಲ ಮೇಡಂ. ಮೀಟರ್ ನೋಡ್ತೀನಿ. ಮುಳ್ಳು ಮಲಗಿಬಿಟ್ರೆ ದೋಷ ಅಂತ ಬರೀತೀನಿ. ನನ್ನ ಕೆಲಸ ಅಷ್ಟೇ."

ಸತ್ಯವನ್ನೇ ಹೇಳುತ್ತಿದ್ದ, ಪಾಪ. ಆದರೆ ಇಷ್ಟು ದಿನದ ಸಿಟ್ಟೆಲ್ಲ ಒಟ್ಟಾಗಿ ಬಂದಿತ್ತು. ಆ ಹೊತ್ತಿಗೆ ಸತ್ಯ ಯಾರಿಗೆ ಬೇಕು?

"ಅವರಿಗೆ ಒಂದು ನೆಪ ಬೇಕಾಗಿತ್ತು. ತಟ್ಟೇಲಿಟ್ಟು ಕೊಟ್ರಿ ನೀವು! ನನ್ನ ಮಾತೆಲ್ಲ ಕೇಳಿಸ್ಕೊಂಡು, ತಲೆ ಆಡಿಸಿ, ಹಲಗೆ ಹಾಕ್ಸಿ... ನಂಬಿಸಿ ಕತ್ತು ಕುಯ್ದ್ರಲ್ಲ! ನೀವೂ ಅವರ ಕಡೆಯವರೇ!"

"ಮೇಡಂ, ಹಾಗಲ್ಲ..."

"ಮಾತಾಡ್ಬೇಡಿ ನನ್ನ ಹತ್ರ."

ಅವನು ಮಾತಾಡಲಿಲ್ಲ. ಮಾತಾಡಬೇಡ ಎಂದರೆ ನಿಜವಾಗಿಯೂ ಸುಮ್ಮನಾಗಿಬಿಡುವ ಗಂಡಸರನ್ನು ಏನು ಮಾಡಬೇಕು, ಹೇಳಿ! ಇನ್ನೊಂದು ಸಲ ಕರೆದಿದ್ದರೆ ಅವಳು ನಿಲ್ಲುತ್ತಿದ್ದಳು. ಮೆಟ್ಟಿಲ ಮೇಲೆ ಎರಡು ಕ್ಷಣ ನಿಂತೂ ಇದ್ದಳು. ಕರೆ ಬರಲಿಲ್ಲ. ಕಣ್ಣೊರೆಸಿಕೊಂಡು ಇಳಿದಳು.

ಮನೆಯಲ್ಲಿ ಅಮ್ಮ ಕಾಜ ಹೊಲಿಯುತ್ತಿದ್ದಳು. ಗಿರಣಿಯ ಮಗ್ಗಗಳು ನಿಂತುಹೋದ ಮೇಲೆ ಟೈಲರ್ ಅಂಗಡಿಯಿಂದ ಅಂಗಿಗಳನ್ನು ತಂದು ಕಾಜ, ಗುಂಡಿಯ ಕೆಲಸ ಮಾಡುತ್ತಿದ್ದಳು. ಮಗಳ ಮುಖ ನೋಡಿದವಳೇ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ಆಗ್ಲಿಲ್ವಾ?"

ಅವಳು ತಲೆಯಾಡಿಸಿದಳು.

"ಹೋಗ್ಲಿ ಬಿಡು. ನೋಡದಿದ್ರೆ ಏನ್ ಆಕಾಶ ಕಳಚಿ ಬೀಳುತ್ತಾ?" ಎಂದಳು ಅಮ್ಮ. ಎಂದಿನಂತೆ ದೊಡ್ಡ ದನಿ. ಆದರೆ ಹಾಗೆ ಹೇಳಿದವಳು ಎದ್ದು ಹೋಗಿ, ಶನಿವಾರಕ್ಕೆಂದು ಇಸ್ತ್ರಿ ಮಾಡಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಸೀರೆಯನ್ನು ತೆಗೆದು ಮಡಿಸತೊಡಗಿದಳು. ಅಂಚಿಗೆ ಅಂಚು ಕೂಡಿಸಿ, ಬಹಳ ಹೊತ್ತು ಮಡಿಸಿದಳು.

ಅದನ್ನು ನೋಡಲಾಗದೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಅಮ್ಮನಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದರೂ ನಲ್ಲಿ ಬಿಟ್ಟಳು.

* * *

ಶುಕ್ರವಾರ ಬೆಳಗ್ಗೆ ಸೂಪರಿಂಟೆಂಡೆಂಟರ ಜೊತೆ ಕೊನೆಯ ಸಲ ಜಗಳವಾಡಿಬಿಡೋಣ ಎಂದು ಸೆರಗು ಸಿಕ್ಕಿಸಿಕೊಂಡೇ ಬಂದಳು. ಬೇಕಾದ ಮಾತುಗಳನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು.

ಪ್ರಿನ್ಸಿಪಾಲರ ಕೋಣೆಯ ಎದುರು ನೆಲದ ಮೇಲೆ ಅವನು ಕುಳಿತಿದ್ದ.

ಬೆನ್ನು ಗೋಡೆಗೆ, ಕೈಯಲ್ಲಿ ಒಂದು ಕಾಗದ. ಬಾಗಿಲಿಗೆ ಅಡ್ಡವಾಗಿರಲಿಲ್ಲ, ಓಡಾಡುವವರಿಗೆ ಜಾಗ ಬಿಟ್ಟೇ ಕುಳಿತಿದ್ದ.

"ಏನ್ರೀ ಇದು?" ಎಂದಳು, ಮಾತಾಡಬಾರದು ಎಂದುಕೊಂಡಿದ್ದನ್ನು ಮರೆತು.

"ಹೊಸ ವರದಿ. ಸೂಪರಿಂಟೆಂಡೆಂಟ್ ತಗೊಳ್ತಾ ಇಲ್ಲ. ಸಾಹೇಬ್ರು ಮೀಟಿಂಗಲ್ಲಿದಾರೆ, ಸೋಮವಾರ ಬನ್ನಿ ಅಂದ್ರು."

"ಅದಕ್ಕೆ?"

"ಮೀಟಿಂಗ್ ಮುಗೀಲಿ ಅಂತ ಕೂತಿದೀನಿ."

ಅವಳು ಕಾಗದ ಕಿತ್ತುಕೊಂಡು ಓದಿದಳು. 'ಮರುಪರಿಶೀಲಿಸಲಾಗಿದೆ. ಚಿತ್ರದಲ್ಲಿ ಯಾವ ದೋಷವೂ ಇಲ್ಲ. ಮೊದಲ ವರದಿಯಲ್ಲಿ ಬರೆದ ದೋಷ ಚಿತ್ರದ್ದಲ್ಲ, ಪರಿಶೀಲಿಸಿದವನದ್ದು.'

ಹೀಗೆ ಬರೆದುಕೊಟ್ಟರೆ ಇವನಿಗೆ ಮೆಮೊ ಗ್ಯಾರಂಟಿ! ಯಾರಾದರೂ ತಮ್ಮ ಮೇಲೆ ತಾವೇ ದೂರು ಬರೆದುಕೊಳ್ಳುತ್ತಾರೆಯೇ?

"ನಿನ್ನೆ ನೀವು ಹೋದ ಮೇಲೆ ನೋಡಿದೆ," ಎಂದ. "ಪೂರ್ತಿ. ಮೀಟರ್ ಕಡೆ ನೋಡ್ಲಿಲ್ಲ. ಎರಡನೇ ಸಾಲಲ್ಲಿ ಒಬ್ರು ಮಗೂನ ತೊಡೆ ಮೇಲೆ ಹಾಕ್ಕೊಂಡು ಕೂತಿದಾರೆ. ಹುಬ್ಬು ನಿಮ್ಮ ಥರಾನೇ."

"ನಮ್ಮಮ್ಮ." ಅವಳ ದನಿ ಇಳಿಯಿತು. "ಆ ಮಗು ನಾನು."

"ಗೊತ್ತಾಯ್ತು. ಅದೊಂದೇ ಬಾಯಿ ಮುಚ್ಚದೆ ಇದ್ದಿದ್ದು."

ನಗು ಬಂದೇಬಿಟ್ಟಿತು. ಸಿಟ್ಟು ಇನ್ನೂ ಹೋಗಿರಲಿಲ್ಲ, ಆದರೂ ಬಂತು. ಅವಳು ಅವನ ಪಕ್ಕದಲ್ಲಿ, ಒಂದು ಮೊಳ ಬಿಟ್ಟು ಕುಳಿತಳು.

ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲೇ ಕಾದಿದ್ದವು. ಸೂಪರಿಂಟೆಂಡೆಂಟ್ ಹೊರಬಂದು "ಏನ್ ಮೇಡಂ, ನೀವೂನಾ?" ಎಂದಾಗ ಅವಳು ಬಾಯಿ ತೆರೆದಳು. ಅವನು ಬೇಡ ಎಂದು ಕಣ್ಣಲ್ಲೇ ಹೇಳಿದ. ಬಾಯಿ ಮುಚ್ಚಿದಳು. ಬಡಿದಾಡುವುದು ಎಷ್ಟೋ ಸುಲಭ ಅನ್ನಿಸಿತು ಅವಳಿಗೆ. ಹತ್ತೊಂಬತ್ತು ದಿನ ಹೇಗಮ್ಮಾ ಕೂತೆ ನೀನು?

ಹನ್ನೊಂದು ಗಂಟೆಯ ಪಾಠಕ್ಕೆ ಮೇಡಂ ಬರಲಿಲ್ಲವೆಂದು ಹುಡುಕಿಕೊಂಡು ಬಂದ ವಿದ್ಯಾರ್ಥಿಗಳು, ಏನು ಎತ್ತ ಎಂದು ಪಿಸುಗುಟ್ಟಿ ತಿಳಿದುಕೊಂಡು ಎದುರುಗೋಡೆಗೆ ಸಾಲಾಗಿ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಸಾಲು ಮೆಟ್ಟಿಲವರೆಗೂ ಹೋಗಿತ್ತು. ಗದ್ದಲ ಮಾಡಿದ್ದರೆ ಗದರಿಸಿ ಓಡಿಸಬಹುದಿತ್ತು. ಇವರು ಕೆಮ್ಮು ಬಂದರೂ ಬಾಯಿಗೆ ಕೈ ಅಡ್ಡವಿಡುತ್ತಿದ್ದರು.

ನಾಲ್ಕು ಗಂಟೆಗೆ ಪ್ರಿನ್ಸಿಪಾಲರ ಬಾಗಿಲು ತೆರೆಯಿತು.

"ಏನಿದೆಲ್ಲ? ಯಾರಾದ್ರೂ ಮಾತಾಡಿ!"

ಯಾರೂ ಮಾತಾಡಲಿಲ್ಲ. ಅವನು ಎದ್ದು ಕಾಗದ ಕೊಟ್ಟ. ಅವರು ಎರಡು ಸಲ ಓದಿದರು. ಆಮೇಲೆ ಸೂಪರಿಂಟೆಂಡೆಂಟರನ್ನು ಕರೆದರು.

"ದೋಷ ಇಲ್ವಂತಲ್ರೀ. ಬೇಡ ಅನ್ನೋಕೆ ಇನ್ನೇನು ಕಾರಣ ಇದೆ?"

"ಸಾರ್... ಅದು..." ಅವರು ಕಣ್ಣಿನಲ್ಲೇ ಸಭಾಂಗಣದ ದಿಕ್ಕು ತೋರಿಸಿದರು. "ಬರೆಯೋಕಾಗಲ್ಲ ಸಾರ್."

"ಬರೆಯೋಕಾಗದೆ ಇರೋದು ಕಾರಣ ಹೇಗಾಗುತ್ತೆ?" ಪ್ರಿನ್ಸಿಪಾಲರು ಜೇಬಿನಿಂದ ಪೆನ್ನು ತೆಗೆದರು. ಆ ಉದ್ದ ಸಾಲಿನ ಕಡೆ, ಆಮೇಲೆ ಅವಳ ಕಡೆ ನೋಡಿದರು. "ಭಾಷಣ ಇಲ್ಲ, ಬ್ಯಾನರ್ ಇಲ್ಲ. ನಾಳೆ ಮೂರು ಗಂಟೆಗೆ. ಉಪ್ಪು ಹುಳಿ ಖಾರ ಇಲ್ಲದವನು ಇಷ್ಟು ಮಾಡಬಲ್ಲೆ."

ಅವಳ ಮುಖ ಕೆಂಪಾಯಿತು. ಸಾಲು ಸಾಲೇ ಎದ್ದು ಕುಣಿಯಿತು.

ಆ ಗದ್ದಲದ ಮಧ್ಯೆ ಅವಳು ಅವನ ಕಡೆ ತಿರುಗಿದಳು. "ನಿನ್ನೆ ನಾನು ಹಾಗೆಲ್ಲ ಅನ್ನಬಾರದಿತ್ತು. ನನಗೆ..."

"ಪರವಾಗಿಲ್ಲ ಮೇಡಂ." ಅವನು ಏನೋ ಹೇಳಲು ಹೊರಟ. ಅವಳು ಕಾದಳು.

"ಸ್ಪೀಕರ್ ವೈರು ಬೇರೆ ಕಡೆಯಿಂದ ಎಳೀಬೇಕು," ಎಂದು ಹೇಳಿ ಹೊರಟೇ ಹೋದ.

ವೈರಂತೆ, ವೈರು! ಈ ಮನುಷ್ಯನಿಗೆ ದೇವರು ಬಾಯಿ ಅಂತ ಒಂದನ್ನು ಯಾಕೆ ಕೊಟ್ಟ? ಗೆದ್ದ ದಿನವೂ ಅವಳು ಹಲ್ಲು ಕಚ್ಚಿಕೊಂಡೇ ಬಸ್ಸು ಹತ್ತಿದಳು.

* * *

ಶನಿವಾರ ಮೂರು ಗಂಟೆ. ಸಭಾಂಗಣ ತುಂಬಿತ್ತು, ಗೋಡೆಗೆ ಒರಗಿಯೂ ನಿಂತಿದ್ದರು. ಪಕ್ಕದ ಬಾಗಿಲಿನಿಂದ ದೊಡ್ಡಕ್ಕನ ಗಾಲಿಕುರ್ಚಿ ಒಳಗೆ ಬಂತು. ಹಿಂದೆಯೇ ಅಮ್ಮ, ಮಡಿಕೆಯ ಗೆರೆ ಇನ್ನೂ ಉಳಿದಿದ್ದ ಸೀರೆಯಲ್ಲಿ. ಅವರ ಹಿಂದೆ ಉಳಿದ ಐವರು. ಮುಂದಿನ ಸಾಲಿನಲ್ಲಿ ಕುಳಿತರು. ಅಮ್ಮನ ಪಕ್ಕದಲ್ಲಿ ಅವಳು.

ದೀಪ ಆರಿತು. ಪರದೆಯ ಮೇಲೆ ಮಗ್ಗದ ಶೆಡ್ಡು. ನೂರು ಮಗ್ಗಗಳ ಅಬ್ಬರಕ್ಕೆ ಕುರ್ಚಿಗಳೇ ಅದುರಿದವು. ಅಬ್ಬಾ, ಅವನು ಆ ಸದ್ದನ್ನು ಎಷ್ಟು ಚೆನ್ನಾಗಿ ಕೂರಿಸಿದ್ದ! ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕಿವಿ ಮಂದವಾದ ಅಮ್ಮನಿಗೂ ಅದು ಮುಟ್ಟುತ್ತಿತ್ತು.

ಪರದೆಯ ಹೆಂಗಸರು ಆ ಅಬ್ಬರದ ನಡುವೆ, ಒಬ್ಬರಿಂದೊಬ್ಬರು ಎಷ್ಟೋ ದೂರ ನಿಂತು, ತುಟಿ ಮಾತ್ರ ಅಲ್ಲಾಡಿಸುತ್ತಿದ್ದರು. 'ಇಲ್ಲಿ ಯಾರಿಗೂ ಯಾರ ದನಿಯೂ ಕೇಳುವುದಿಲ್ಲ,' ಎಂದಿತು ಹಿನ್ನೆಲೆಯ ದನಿ. 'ಇವರು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಾರೆ.' ಅಮ್ಮ ಸದಾ ತನ್ನ ಮುಖವನ್ನೇ ದಿಟ್ಟಿಸುವುದು ಯಾಕೆಂದು ಅವಳಿಗೆ ಗೊತ್ತಿತ್ತು. ಅದನ್ನು ಅಮ್ಮ ಕಲಿತ ಜಾಗ ಇಷ್ಟು ದೊಡ್ಡದಾಗಿ, ಇಷ್ಟು ಸದ್ದಿನಲ್ಲಿ ಕಂಡದ್ದು ಮಾತ್ರ ಇಂದೇ.

ಇಪ್ಪತ್ತೆಂಟನೇ ನಿಮಿಷ. ಸದ್ದು ಪೂರ್ತಿ ನಿಂತಿತು.

ಗೇಟು. ಬಿಸಿಲು. ಕುಳಿತ ಮೂವತ್ತೆರಡು ಹೆಂಗಸರು. ಸಭಾಂಗಣದಲ್ಲಿ ಒಬ್ಬರೂ ಮಿಸುಕಲಿಲ್ಲ. ಅವಳ ಕಣ್ಣು ತುಂಬಿ ಬಂತು. ಎಂಥ ಮೌನ! ಎಂಥ ಗಾಂಭೀರ್ಯ!

ಆಗ ಪಕ್ಕದಲ್ಲಿ ಕಿಸಕ್ಕನೆ ಶಬ್ದವಾಯಿತು.

ಅಮ್ಮ! ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅವಳಾಚೆ ದೊಡ್ಡಕ್ಕನ ಭುಜ ಕುಲುಕುತ್ತಿತ್ತು. ನೋಡ ನೋಡುತ್ತಾ ಏಳು ಜನವೂ ಬಿದ್ದು ಬಿದ್ದು ನಗತೊಡಗಿದರು. ಹಿಂದಿನ ಸಾಲಿನವರು ಗಾಬರಿಯಾಗಿ ಕತ್ತು ಉದ್ದ ಮಾಡಿದರು.

"ಅಮ್ಮಾ! ಏನಾಯ್ತು?"

"ನೋಡೇ, ನೋಡೇ," ಅಮ್ಮ ಪರದೆ ತೋರಿಸಿದಳು. ಪಿಸುಮಾತು ಎಂದುಕೊಂಡು ಆಡಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. "ದೊಡ್ಡಕ್ಕ ಮ್ಯಾನೇಜರ್‌ನ ಟೋಪನ್ ಕೂದಲಿನ ಬಗ್ಗೆ ಹೇಳ್ತಿದಾಳೆ! ಗಾಳಿ ಬಂದ್ರೆ ಹಾರಿ ಗೇಟ್ ಮೇಲೆ ಕೂತ್ಕೊಳ್ಳುತ್ತೆ ಅಂತ! ನಾನು ಅದಕ್ಕೆ, ಹಿಡ್ಕೊಂಡು ಬಂದು ಮಗೂಗೆ ಟೋಪಿ ಹೊಲೀತೀನಿ ಅಂತಿದೀನಿ!"

ಅವಳು ಪರದೆ ನೋಡಿದಳು. ಹೌದು! ಹೇಳಿದ ಮೇಲೆ ಕಂಡಿತು, ತುಟಿಗಳು ಸಣ್ಣಗೆ ಅಲ್ಲಾಡುತ್ತಿದ್ದವು. ಹನ್ನೊಂದು ನಿಮಿಷವೂ ಅಲ್ಲಾಡುತ್ತಲೇ ಇದ್ದವು. ಅವಳು ಹತ್ತು ಸಲ ನೋಡಿ ಕಣ್ಣೀರು ಹಾಕಿದ್ದ ಆ ಮಹಾಮೌನದ ತುಂಬ ಹರಟೆ, ಚಾಡಿ, ತಮಾಷೆ! ಕ್ಯಾಮೆರಾ ಹಿಡಿದವಳಿಗೂ ಗೊತ್ತಿರಲಿಲ್ಲ, ಕಾವಲು ನಿಂತವರಿಗೂ ಗೊತ್ತಿರಲಿಲ್ಲ.

"ಹತ್ತೊಂಬತ್ತು ದಿನ ಬಾಯಿ ಮುಚ್ಕೊಂಡು ಕೂತಿದ್ರೆ ಹುಚ್ಚು ಹಿಡೀತಿತ್ತು ಕಣೇ," ಎಂದಳು ದೊಡ್ಡಕ್ಕ, ಏದುಸಿರಿನ ನಡುವೆ. ಆಮೇಲೆ ಅವಳ ನಗು ನಿಂತಿತು. ಪರದೆಯ ಮೂಲೆಯಲ್ಲಿದ್ದ ಒಂದು ಮುಖವನ್ನು ನೋಡುತ್ತಿದ್ದಳು. ಈಗ ಇಲ್ಲದವಳು. "ಮನೆಗೆ ಹೋಗಿ ಮಲಕ್ಕೋ ದೊಡ್ಡಕ್ಕ, ನಾನಿರ್ತೀನಿ ಅಂತಿದಾಳೆ ನೋಡು..." ಎಂದಳು. ಅಮ್ಮ ಅವಳ ಕೈ ಹಿಡಿದುಕೊಂಡಳು.

ಚಿತ್ರ ಮುಗಿದು ದೀಪ ಹತ್ತಿದಾಗ ಇಡೀ ಸಭಾಂಗಣ ಎದ್ದು ನಿಂತಿತು. ಏಳು ಜನ ಮಾತ್ರ ಕುಳಿತೇ ಇದ್ದರು. ಕೂರುವುದು ಅವರಿಗೆ ಅಭ್ಯಾಸವಾಗಿತ್ತಲ್ಲ.

ಅವಳು ಹಿಂದಕ್ಕೆ ತಿರುಗಿ ಸೌಂಡ್ ರೂಮಿನ ಕಡೆ ನೋಡಿದಳು. ಗಾಜಿನ ಹಿಂದೆ ಅವನು ನಿಂತಿದ್ದ. ಅವಳು ಕೈ ಬೀಸಿದಳು. ಅವನೂ ಬೀಸಿದ. ಅಷ್ಟೇ! ಇವತ್ತೂ ಇಷ್ಟೇನಾ? ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಮುಖ ತಿರುಗಿಸಿಬಿಟ್ಟಳು.

"ಯಾರೇ ಅದು, ಗಾಜಿನ ಹಿಂದೆ ಇರೋ ಹುಡುಗ?" ಎಂದಳು ಅಮ್ಮ, ಮೇಲೆಯೇ ದೃಷ್ಟಿ ನೆಟ್ಟು.

"ಸೌಂಡಿನವರು. ಅವರಿಂದಲೇ ಇವತ್ತು ಇದೆಲ್ಲ ಆಗಿದ್ದು."

"ಒಬ್ಬನೇ ಏನೋ ಹೇಳ್ಕೋತಿದಾನೆ."

"ವೈರು ಲೆಕ್ಕ ಹಾಕ್ತಿರ್ತಾರೆ ಬಿಡಮ್ಮ."

"ವೈರಲ್ಲ," ಎಂದಳು ದೊಡ್ಡಕ್ಕ. ಅವಳೂ ಮೇಲೆ ನೋಡುತ್ತಿದ್ದಳು. ಏಳೂ ಜನ ನೋಡುತ್ತಿದ್ದರು. "'ಮೇಡಂ, ನೀವು ದಿನಾ ಬಂದು ಬೈದು ಹೋಗ್ತಿದ್ರಿ. ನಾಳೆಯಿಂದ ಯಾರೂ ಬರಲ್ಲ ಅಂದ್ರೆ ಈ ರೂಮಲ್ಲಿ ನನಗೆ ಕೂರೋಕಾಗಲ್ಲ' ಅಂತಿದಾನೆ."

ಅವಳು ಸರಕ್ಕನೆ ಮತ್ತೆ ಗಾಜಿನ ಕಡೆ ತಿರುಗಿದಳು.

"ಇರು, ಮತ್ತೆ ಮೊದಲಿಂದ ಶುರು ಮಾಡ್ದ," ಎಂದಳು ಅಮ್ಮ. "ಈ ಸಲ ಮೇಡಂ ಅನ್ನೋದು ಬಿಟ್ಟ. 'ನೀವಂದ್ರೆ ನನಗೆ ತುಂಬಾ ಇಷ್ಟ.' ಆಮೇಲೆ ಏನೋ ಅಂದ... 'ಥೂ, ಇದನ್ನ ಹೋಗಿ ಹೇಳೋಕೆ ನಿನ್ನ ಕೈಲಾಗಲ್ವಲ್ಲೋ' ಅಂತ ತನಗೇ ಬೈಕೋತಿದಾನೆ ಪಾಪ."

ಸದ್ದು ಆಚೆ ಹೋಗದ ಗಾಜನ್ನು ತಾನೇ ಕೈಯಾರೆ ಕೂರಿಸಿದ್ದವನು ಅವನು. ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆ, ಊರಿನಲ್ಲಿ ತುಟಿ ಓದಬಲ್ಲ ಏಳು ಜನರ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದ!

"ಹೋಗೇ," ಎಂದಳು ಅಮ್ಮ. "ಅವನು ಇನ್ನೊಂದು ವರ್ಷ ಗಾಜಿಗೇ ಹೇಳ್ಕೊಂಡು ನಿಂತಿರ್ತಾನೆ."

ಅವಳು ಜನರನ್ನು ಸರಿಸಿಕೊಂಡು ಓಡಿದಳು. ಬಾಗಿಲು ತಳ್ಳಿದಾಗ ಅವನು ಬೆಚ್ಚಿ ತಿರುಗಿದ.

"ಏನಾಯ್ತು ಮೇಡಂ? ಸೌಂಡಲ್ಲಿ ಏನಾದ್ರೂ..."

"ಈ ರೂಮಲ್ಲಿ ಕೂರೋಕಾಗಲ್ಲ ಅಂದ್ರಂತೆ?"

ಅವನ ಮುಖದ ಬಣ್ಣವೇ ಇಳಿಯಿತು. "ನಿಮಗೆ... ಅದು... ಆಚೆಗೆ ಕೇಳಿಸೋಕೆ ಸಾಧ್ಯಾನೇ ಇಲ್ಲ!"

"ಕೇಳಿಸ್ಲಿಲ್ಲ. ಕಾಣಿಸ್ತು. ಏಳು ಜನಕ್ಕೆ!"

ಅವನು ಕೆಳಗೆ ನೋಡಿದ. ಮುಂದಿನ ಸಾಲಿನಿಂದ ಏಳು ಮುಖಗಳು ಅವನನ್ನೇ ನೋಡುತ್ತಿದ್ದವು. ದೊಡ್ಡಕ್ಕ ಕೈಯೆತ್ತಿ, ಮುಂದೆ ಹೇಳು ಎಂದು ಸನ್ನೆ ಮಾಡಿದಳು.

"ಅಯ್ಯೋ ದೇವರೇ," ಎಂದ. "ಈಗ ಅಂದ ಈ ಅಯ್ಯೋನೂ ಓದಿದ್ರೇನೋ."

"ಓದಿರ್ತಾರೆ. ನಿನ್ನೆ ಇಷ್ಟು ಹೊತ್ತಿಗೆ ಅಲ್ಲಿ ನಿಂತು ಕಾದೆ ನಾನು. ವೈರು ಅಂದು ಹೋದ್ರಿ! ಎಷ್ಟು ಸಿಟ್ಟು ಬಂತು ಗೊತ್ತಾ?"

"ಗೊತ್ತು. ನಿಮ್ಮ ಸಿಟ್ಟು ನನಗೆ ಚೆನ್ನಾಗೇ ಗೊತ್ತು."

"ಹಾಗಾದ್ರೆ ಈಗ ಹೇಳಿ. ನನಗೆ ಹೇಳಿ."

ಅವನು ಬಾಯಿ ತೆರೆದ. ಅವಳು ಥಟ್ಟನೆ ಅವನ ತೋಳು ಹಿಡಿದು, ಬೆನ್ನು ಗಾಜಿಗೆ ಬರುವ ಹಾಗೆ ಅವನನ್ನು ತಿರುಗಿಸಿದಳು.

"ಇದು ನನಗೊಬ್ಬಳಿಗೇ."

ಅವನು ಹೇಳಿದ. ಮೆಲ್ಲಗೆ, ಅಲ್ಲಲ್ಲಿ ತಡವರಿಸುತ್ತಾ, ಈ ಸಲ ಕೊನೆಯವರೆಗೂ ಹೇಳಿದ. ಕೆಳಗೆ ಅಮ್ಮ ಕತ್ತು ಆ ಕಡೆ ಈ ಕಡೆ ಮಾಡಿ, ಏನೂ ಕಾಣದೆ, "ಛೆ, ತಿರುಗಿಸಿಬಿಟ್ಳಲ್ಲ!" ಎಂದು ಪಕ್ಕದವಳಿಗೆ ದೂರಿದಳು.

ಅವನು ಮುಗಿಸಿದಾಗ ಅವಳ ಬಳಿ ಮಾತೇ ಇರಲಿಲ್ಲ. ಎಷ್ಟು ಹುಡುಕಿದರೂ ಎರಡೇ ಸಿಕ್ಕವು.

"ನನಗೂ... ಅಷ್ಟೇ."

"ಏನಂದ್ರಿ?"

"ಇನ್ನೊಂದ್ಸಲ ಹೇಳಲ್ಲ."

ಅವಳು ಅವನ ಭುಜದಾಚೆ ನೋಡಿದಳು. ಅವನ ಬೆನ್ನು ಗಾಜಿನ ಕಡೆಗಿತ್ತು, ಆದರೆ ತನ್ನ ಮುಖ ಪೂರ್ತಿ ಬೆಳಕಿನಲ್ಲಿದೆ ಎನ್ನುವುದು ಅವಳಿಗೆ ಆಗ ಹೊಳೆಯಿತು. ಕೆಳಗೆ ಅಮ್ಮ ದೊಡ್ಡಕ್ಕನ ತೊಡೆ ತಟ್ಟಿ ತಟ್ಟಿ ಹೇಳುತ್ತಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದ ಅವನು. "ನಿಜವಾಗ್ಲೂ."

"ಕೆಳಗೆ ಹೋಗಿ ನಮ್ಮಮ್ಮನ್ನ ಕೇಳ್ಕೊಳ್ಳಿ," ಎಂದಳು ಅವಳು, ಹಿಡಿದ ತೋಳನ್ನು ಬಿಡದೆ.